ಕಿವಿ ಗಂಟು ಕರಗಿಸುವ ಮುಲಾಮು ಅಂತ ವಾಟ್ಸಾಪ್‌ನಲ್ಲಿ ಮಾರ್ತಾರಲ್ಲ, ತಗೋಬೇಡಿ

ಕಿವಿಯ ಮೇಲಂಚಿನಲ್ಲಿ ಜೋಳದ ಕಾಳಿನಷ್ಟು ಗಂಟು. ರಾತ್ರಿ ಆ ಮಗ್ಗುಲಿಗೆ ತಿರುಗಿದರೆ ಪ್ರಾಣ ಹೋಗುವಷ್ಟು ನೋವು. ಇಂಥದ್ದು ಇರುವವರು ದಯವಿಟ್ಟು ಓದಿ. "ಕಾರ್ಟಿಲೇಜ್ (ಕಿವಿಯ ಮೃದು ಮೂಳೆ) ಗಂಟು ಕರಗಿಸುವ ಗಿಡಮೂಲಿಕೆ ಮುಲಾಮು" ಅನ್ನೋ ಜಾಹೀರಾತಿಗೆ ದುಡ್ಡು ಹಾಕಲು ಹೊರಟವರಂತೂ ಓದಲೇಬೇಕು.

ನನ್ನಿಂದ 2,400 ರೂಪಾಯಿ ಕಿತ್ತರು. ಬಂದಿದ್ದು ಒಂದು ಪುಟ್ಟ ಡಬ್ಬಿ, ಮೇಲೆ ತುಳಸಿ ಚಿತ್ರದ ಸ್ಟಿಕ್ಕರ್. ಬ್ಯಾಚ್ ನಂಬರ್ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಒಳಗೆ ಏನು ಹಾಕಿದ್ದಾರೆ ಅಂತಲೂ ಇಲ್ಲ. ಆಯುರ್ವೇದದ ಔಷಧಿಗೂ ಇವೆಲ್ಲ ಇರಲೇಬೇಕು ಅಲ್ವಾ? ಮಾರಿದವನನ್ನೇ ಕೇಳಿದೆ. "ವಂಶಪಾರಂಪರ್ಯ ಸರ್, ಗುಟ್ಟು ಹೇಳಲ್ಲ" ಅಂದ.

ಹಚ್ಚಿದ ಮೇಲೆ ಚರ್ಮ ಸುಲಿದು ರಕ್ತ ಬಂತು. ಫೋಟೋ ಕಳಿಸಿದೆ. ಬಂದ ಉತ್ತರ ನೋಡಿ: "ಒಳಗಿನ ವಿಷ ಹೊರಗೆ ಬರ್ತಿದೆ ಸರ್, ಒಳ್ಳೇ ಲಕ್ಷಣ. ಎರಡನೇ ಡಬ್ಬಿ ತಗೊಳ್ಳಿ, ಕೋರ್ಸ್ ಅರ್ಧಕ್ಕೆ ಬಿಡಬಾರದು." ಅಂದ್ರೆ ವಾಸಿಯಾದರೂ ಅವನ ಔಷಧಿಯಿಂದ, ಹುಣ್ಣಾದರೂ ಅವನ ಔಷಧಿಯಿಂದ!

ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಭಾವ ಒಂದು ದಿನ ಅದೇ ಮುಲಾಮಿನ ಜಾಹೀರಾತು ಫಾರ್ವರ್ಡ್ ಮಾಡಿ, "ನಿಮಗೂ ಇದೇ ತೊಂದರೆ ಅಲ್ವಾ, ನೋಡಿ" ಅಂದರು. "ಮೊದಲು" ಅಂತ ಹಾಕಿದ್ದ ಕಿವಿ ನನ್ನದು! ನನ್ನ ಕನ್ನಡಕದ ಕಡ್ಡಿ, ಅದಕ್ಕೆ ನಾನೇ ಸುತ್ತಿದ ಸೆಲ್ಲೋಟೇಪು, ಚಿಕ್ಕವನಿದ್ದಾಗ ಚುಚ್ಚಿಸಿದ ತೂತು. "ನಂತರ" ಅಂತ ಹಾಕಿದ್ದ ಕಿವಿಗೆ ತೂತೇ ಇಲ್ಲ. ಮುಲಾಮು ಅದನ್ನೂ ಮುಚ್ಚಿತೇನೋ! ಮೈಯೆಲ್ಲ ಉರಿದುಹೋಯಿತು. ಫೋನ್ ಮಾಡಿದರೆ ಏನಂತಾನೆ ಗೊತ್ತಾ? "ಅದು ನಿಮ್ಮದಲ್ಲ ಸರ್. ಎಲ್ಲರ ಕಿವಿನೂ ಹಾಗೇ ಇರುತ್ತೆ." ಆಮೇಲೆ ಬ್ಲಾಕ್.

ಚರ್ಮದ ಡಾಕ್ಟರು ಡಬ್ಬಿ ನೋಡಿ, ಸ್ಟೀರಾಯ್ಡ್ ಬೆರೆಸಿರಬಹುದು ಅಂದರು. ಕಾಯಿಲೆಯ ಹೆಸರು ಕಾಂಡ್ರೊಡರ್ಮಟೈಟಿಸ್ ನಾಡ್ಯುಲಾರಿಸ್ ಹೆಲಿಸಿಸ್. ಕಿವಿಯಂಚಿನಲ್ಲಿ ಚರ್ಮ ತೆಳು, ಕೆಳಗೆ ಕೊಬ್ಬಿಲ್ಲ, ರಕ್ತ ಓಡಾಟವೂ ಕಮ್ಮಿ. ಒಂದೇ ಮಗ್ಗುಲಿಗೆ ಮಲಗಿ ಒತ್ತಿ ಒತ್ತಿ ಹೀಗಾಗುತ್ತದಂತೆ. ನರಳುತ್ತಿರುವುದೇ ಕಾರ್ಟಿಲೇಜು, ಅದನ್ನು ಕರಗಿಸೋದು ಎಂಥದು? ಚರ್ಮದ ಕ್ಯಾನ್ಸರ್ ಕೂಡ ನೋಡಲು ಹೀಗೇ ಇರಬಹುದು ಅಂತ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಪುಣ್ಯಕ್ಕೆ ಅದಲ್ಲ. ಆಗಿದ್ದರೆ? ಆ ಕಳ್ಳ ಎರಡನೇ ಡಬ್ಬಿ ಮಾರುತ್ತಿದ್ದ.

ಬರೆದುಕೊಟ್ಟಿದ್ದು ರಕ್ತನಾಳ ಹಿಗ್ಗಿಸುವ ನೈಟ್ರೋಗ್ಲಿಸರಿನ್ ಮುಲಾಮು, ಜೊತೆಗೆ ಕಿವಿ ಜಾಗದಲ್ಲಿ ತೂತಿರುವ ದಿಂಬು. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ, "ಸರ್, ಇದು ಕೆಳಗೆ ಹಚ್ಚೋದು, ಕಿವಿಗಲ್ಲ" ಅಂತ ಎಲ್ಲರೆದುರು ಕೂಗಿದ. ಗುದದ್ವಾರದ ಬಿರುಕಿಗೂ ಇದೇ ಕೊಡ್ತಾರಂತೆ, ಇರಲಿ. ಇದಕ್ಕೆ ತಲೆನೋವು ಬರುತ್ತದೆ, ಸಿಲ್ಡೆನಾಫಿಲ್ (ವಯಾಗ್ರಾ) ಮಾತ್ರೆ ತಗೊಳ್ಳುವವರಿಗೆ ಬಿಪಿ ಅಪಾಯಕ್ಕೆ ಇಳಿಯುತ್ತದೆ. ಹಾಗಾಗಿ ಸುಮ್ನೆ ನೀವೇ ತಂದು ಹಚ್ಚಬೇಡಿ.

ಕಿವಿ ಫೋಟೋ ಯಾವನಿಗೂ ಕಳಿಸಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೇನೆ. ತೂತಿರುವ ಕಿವಿ, ಟೇಪು ಸುತ್ತಿದ ಕನ್ನಡಕ ಎಲ್ಲಾದರೂ ಜಾಹೀರಾತಿನಲ್ಲಿ ಕಂಡರೆ ರಿಪೋರ್ಟ್ ಮಾಡಿ, ಅದು ನಾನೇ.