ಲಸಿಕೆ ಚುಚ್ಚಿಸಿಕೊಂಡು ಭುಜ ಹೋಯಿತು: ನನ್ನ ಕೇಸ್ ನಡೆಸಿದ ವಕೀಲರ ಆಫೀಸ್ ಬಗ್ಗೆ

ಅಮೆರಿಕದಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡ ಮೇಲೆ ಕೈ ಎತ್ತಲಾಗದೆ ಒದ್ದಾಡುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಆಫೀಸಿನ ಹೆಸರು ಹಾಕುವುದಿಲ್ಲ. ಕೆಲಸಕ್ಕೆ ಐದಕ್ಕೆ ಐದು, ಫೋನ್ ಮಾಡಿದರೆ ಸಿಗುವ ವಿಷಯದಲ್ಲಿ ಎರಡು ಕೊಟ್ಟರೂ ಜಾಸ್ತಿಯೇ.

ಮೊದಲು ದುಡ್ಡಿನ ಮಾತು, ಎಲ್ಲರೂ ಹೆದರುವುದು ಅದಕ್ಕೇ ಅಲ್ವಾ. ನನ್ನಿಂದ ಫೀಸ್ ತೆಗೆದುಕೊಳ್ಳಲಿಲ್ಲ. ಅದು ಅವರ ದೊಡ್ಡತನವೇನಲ್ಲ, ಕಾನೂನೇ ಹಾಗಿದೆ. 1986ರ ಕಾನೂನಿನಿಂದ ಬಂದ ಲಸಿಕೆ ಪರಿಹಾರ ಯೋಜನೆಯಲ್ಲಿ ವಕೀಲರ ಫೀಸನ್ನು ನಿಧಿಯೇ ಕೊಡುತ್ತದೆ, ಸರಿಯಾದ ಆಧಾರ ಇಟ್ಟುಕೊಂಡು ಹಾಕಿದ ಕೇಸ್ ಸೋತರೂ ಕೊಡಬಹುದು. ಆ ನಿಧಿಗೆ ಒಂದು ಡೋಸ್ ಫ್ಲೂ ಲಸಿಕೆಗೆ 75 ಸೆಂಟ್ ತೆರಿಗೆ ಹೋಗುತ್ತದೆ. ಹಾಗಾಗಿ ಯಾರಾದರೂ ಪರಿಹಾರದಲ್ಲಿ ನಮಗಿಷ್ಟು ಪಾಲು ಎಂದರೆ ಸುಮ್ನೆ ಎದ್ದು ಬನ್ನಿ.

ಇವರು ನಿಜವಾಗಿ ಬೆವರು ಹರಿಸಿದ್ದು ದಾಖಲೆಗಳ ಮೇಲೆ. ಸೂಜಿ ತೋಳಿನ ಮಾಂಸಖಂಡಕ್ಕೆ ಹೋಗುವ ಬದಲು ತೀರಾ ಮೇಲೆ ಚುಚ್ಚಿದರೆ ಕೀಲಿನ ಹತ್ತಿರ ಉರಿಯೂತ ಆಗುತ್ತದೆ. ಇದನ್ನು ಸಿರ್ವಾ ಎನ್ನುತ್ತಾರೆ, ಯಾವ ಲಸಿಕೆಯಿಂದ ಯಾವ ತೊಂದರೆಗೆ ಪರಿಹಾರ ಎಂಬ ಯೋಜನೆಯ ಪಟ್ಟಿಗೆ 2017ರಲ್ಲಿ ಸೇರಿದೆ. ಪಟ್ಟಿಯ ಷರತ್ತುಗಳಿಗೆ ಹೊಂದಿದರೆ ಲಸಿಕೆಯೇ ಕಾರಣ ಎಂದು ನಾವು ಬೇರೆ ಸಾಬೀತು ಮಾಡಬೇಕಿಲ್ಲ. ಆದರೆ ನೋವು 48 ಗಂಟೆಯೊಳಗೆ ಶುರುವಾಗಿರಬೇಕು, ಚುಚ್ಚಿದ ಭುಜದಲ್ಲೇ ಇರಬೇಕು, ಆ ಭುಜದಲ್ಲಿ ಮೊದಲೇ ತೊಂದರೆ ಇರಬಾರದು, ಮತ್ತು ಸಾಮಾನ್ಯವಾಗಿ ಆರು ತಿಂಗಳಿಗಿಂತ ಜಾಸ್ತಿ ಕಾಡಿರಬೇಕು. ನನ್ನ ಡಾಕ್ಟರ್ ಚೀಟಿಯಲ್ಲಿ "ಕೆಲವು ವಾರಗಳಿಂದ ನೋವು" ಅಂತಷ್ಟೇ ಇತ್ತು. ಅಷ್ಟಕ್ಕೇ ಕೇಸ್ ಕುಂಟುತ್ತಿತ್ತು. ವಕೀಲರ ಸಹಾಯಕಿ ಪಟ್ಟು ಬಿಡದೆ ಹುಡುಕಿ, ಲಸಿಕೆಯ ಮರುದಿನ ನಾನು ಕ್ಲಿನಿಕ್ಕಿನ ಆ್ಯಪ್‌ನಲ್ಲಿ ಕಳಿಸಿದ್ದ ಮೆಸೇಜ್ ತೆಗೆದರು. ಐದು ಅಂಕ ಆಕೆಗೇ ಸಲ್ಲಬೇಕು. ನೀವೂ ಡಾಕ್ಟರ್ ಹತ್ತಿರ ಹೋದಾಗ ಯಾವ ದಿನ ಲಸಿಕೆ, ಯಾವಾಗ ನೋವು ಶುರು ಎಂದು ಹೇಳಿ ಬರೆಸಿಕೊಳ್ಳಿ.

ಚುಚ್ಚಿದವರ ಮೇಲೆ ಕೇಸ್ ಹಾಕುವುದಕ್ಕೆ ನನಗೆ ಮನಸ್ಸಿರಲಿಲ್ಲ. ಹಾಕಬೇಕಾಗಿಯೂ ಇಲ್ಲ, ಎದುರು ಪಾರ್ಟಿ ಕೇಂದ್ರದ ಆರೋಗ್ಯ ಇಲಾಖೆ. ನೋವಿಗೆ ಕೊಡುವ ಪರಿಹಾರಕ್ಕೆ 2,50,000 ಡಾಲರ್ ಮಿತಿ ಇದೆ. ಅದು ಮಿತಿ, ಸಿಗುವ ಮೊತ್ತ ಅಲ್ಲ ಎಂದು ಮೊದಲ ದಿನವೇ ಬಿಡಿಸಿ ಹೇಳಿದ್ದು ನನಗೆ ಹಿಡಿಸಿತು.

ಇನ್ನು ಬೇಜಾರಿನ ವಿಷಯ. ಫೈಲ್ ಆದ ಮೇಲೆ ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ. ಇಮೇಲ್ ಮಾಡಿದರೆ ಅದೇ ಎರಡು ಸಾಲು, "ಕಾಯುತ್ತಿದ್ದೇವೆ". ಕಾಯಬೇಕು ಸರಿ, ಆದರೆ ಯಾರಿಗಾಗಿ, ಯಾವುದಕ್ಕಾಗಿ ಎಂದು ಹೇಳುವುದಕ್ಕೇನು ಕಷ್ಟ?

ಕೋವಿಡ್ ಲಸಿಕೆಯ ಕೇಸನ್ನು ಇವರು ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಬೇರೆ ಯೋಜನೆ ಇದೆ, ಅಲ್ಲಿ ವಕೀಲರ ಫೀಸ್ ಕೊಡುವುದಿಲ್ಲ, ಲಸಿಕೆ ಹಾಕಿಸಿಕೊಂಡ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಫ್ಲೂ ಲಸಿಕೆಯಾದರೆ ಮೊದಲ ನೋವಿನಿಂದ ಮೂರು ವರ್ಷ ಸಮಯವಿದೆ.