ಪೆಟ್‌ಗಳ ಬೆಲೆ ನೋಡುವ ಟೂಲ್ ಅಂತ ಯಾರಾದರೂ ಬಂದರೆ ನಂಬಬೇಡಿ

ರೋಬ್ಲಾಕ್ಸ್ ಅನ್ನುವ ಆನ್‌ಲೈನ್ ಆಟ ಆಡುವ ಮಕ್ಕಳಿರುವ ಮನೆಯವರು ಇದನ್ನು ಈಗಲೇ ಓದಿ. ನನ್ನ ಮಗಳ ಅಕೌಂಟ್ ಖಾಲಿಯಾಗಿದೆ. ಹಾಗಾಗಿದ್ದು ನನ್ನ ಕೈಯಿಂದಲೇ. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಅದರೊಳಗೆ ಪೆಟ್, ಅಂದರೆ ಸಾಕುಪ್ರಾಣಿ ಬೆಳೆಸುವ ಅಡಾಪ್ಟ್ ಮಿ ಆಟದಲ್ಲಿ ಅವಳದ್ದೊಂದು ಮೆಗಾ ನಿಯಾನ್ ನಾಯಿ ಇತ್ತು. ಅದು ಸುಮ್ನೆ ಬರುವುದಲ್ಲ. ಒಂದೇ ಜಾತಿಯ ನಾಲ್ಕು ನಾಯಿ ಸಾಕಿ ದೊಡ್ಡದು ಮಾಡಿ ಸೇರಿಸಿದರೆ ಒಂದು ಹೊಳೆಯುವ ನಿಯಾನ್ ನಾಯಿ. ಅಂಥ ನಾಲ್ಕನ್ನು ಮತ್ತೆ ಬೆಳೆಸಿ ಸೇರಿಸಿದರೆ ಒಂದು ಮೆಗಾ. ಒಟ್ಟು 16 ನಾಯಿ! ಎರಡು ವರ್ಷದ ರಜೆಯೆಲ್ಲ ಅದಕ್ಕೇ ಹೋಗಿತ್ತು.

ಪೆಟ್ ಬದಲಾಯಿಸಿಕೊಳ್ಳುವ ಗ್ರೂಪಿನಲ್ಲಿ ಒಬ್ಬ ಸಿಕ್ಕಿದ. 'ಅಣ್ಣಾ, ಮಂಡ್ಯದವರಾ? ನಾನೂ ಕೆರಗೋಡು ಕಡೆಯವನೇ.' ನಮ್ಮ ಕಡೆ ಹುಡುಗ ಅಂದಮೇಲೆ ಮುಗೀತು, ನಂಬಿಬಿಟ್ಟೆ. ಪೆಟ್‌ಗಳಿಗೆ ಎಷ್ಟು ಬೆಲೆ ಅಂತ ಹೇಳುವ ಟೂಲ್ ಇದೆ, ಫ್ರೀ ಅಂದ. ಪಾಸ್‌ವರ್ಡ್ ಕೇಳಲಿಲ್ಲ. ಕೇಳಿದ್ದರೆ ಖಂಡಿತ ಕೊಡುತ್ತಿರಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಬ್ರೌಸರಿನ ಒಳಭಾಗ ತೋರಿಸುವ ಎಫ್12 ಕೀ ಒತ್ತಿಸಿ, ಕುಕೀ ಅಂತಿರುವ ಕಡೆಯಿಂದ ಒಂದು ಉದ್ದನೆಯ ಸಾಲು ಕಾಪಿ ಮಾಡಿಸಿದ.

ಆ ಸಾಲಿನ ಶುರುವಿನಲ್ಲೇ ದೊಡ್ಡಕ್ಷರದಲ್ಲಿ 'ವಾರ್ನಿಂಗ್' ಅಂತಿತ್ತು. ಇದನ್ನು ಯಾರಿಗೂ ಕೊಡಬೇಡಿ, ಕೊಟ್ಟರೆ ನಿಮ್ಮ ಹೆಸರಲ್ಲಿ ಲಾಗಿನ್ ಆಗಿ ರೋಬಕ್ಸ್ (ಆಟದ ದುಡ್ಡು), ಐಟಂ ಕದಿಯಬಹುದು ಅಂತ ಇಂಗ್ಲಿಷಿನಲ್ಲಿ ಇತ್ತು. ಓದಿದೆ. ಎರಡು ಸಲ ಓದಿದೆ. ಓದಿ ಅವನನ್ನೇ ಕೇಳಿದೆ! 'ಅಯ್ಯೋ, ಅದು ಎಲ್ರಿಗೂ ಬರುತ್ತೆ ಅಣ್ಣ' ಅಂದ. ಎಲ್ಲರಿಗೂ ಬರುವುದೇನೋ ನಿಜವೇ. ಅವನ ಟೂಲಿನಲ್ಲಿ ಪೇಸ್ಟ್ ಮಾಡಿದೆ. ಚಕ್ರ ಸುತ್ತುತ್ತಲೇ ಇತ್ತು, ಬೆಲೆ ಬರಲೇ ಇಲ್ಲ.

ಅಷ್ಟರಲ್ಲಿ ಟ್ಯಾಬ್‌ನಲ್ಲಿ ಆಟ ತೆರೆದ ಮಗಳು ಒಳಗಿನಿಂದ ಕೂಗಿದಳು. 'ಅಪ್ಪಾ, ನನ್ನ ನಾಯಿ ಎಲ್ಲಿ?'

ಅವನ ಉತ್ತರ ನೋಡಿ. ಮೊದಲು 'ಸರ್ವರ್ ಸ್ಲೋ ಇದೆ ಅಣ್ಣ, 5 ನಿಮಿಷ.' ನಾನು ಜೋರು ಮಾಡಿದಾಗ 'ನಾನೇನು ಕಿತ್ಕೊಂಡ್ನಾ? ನೀವೇ ತಾನೆ ಕೊಟ್ಟಿದ್ದು.' ಆಮೇಲೆ ಬ್ಲಾಕ್. ಅಣ್ಣ ಅಂದ ಬಾಯಲ್ಲೇ ಈ ಮಾತು! ನೀವೇ ತಾನೆ ಕೊಟ್ಟಿದ್ದು ಅಂತೆ. ರಾತ್ರಿಯೆಲ್ಲ ಅದೇ ಮಾತು ತಲೆಯಲ್ಲಿ.

ಲಾಗಿನ್‌ಗೆ ಎರಡನೇ ಕೋಡ್ ಕೇಳುವ ಹಾಗೆ ಇಟ್ಟಿದ್ದೆ. ಪ್ರಯೋಜನ ಆಗಲಿಲ್ಲ. ಆ ಕುಕೀ ಅಂದರೆ ಆಗಲೇ ಲಾಗಿನ್ ಆಗಿರುವ ಬಾಗಿಲು. ಅದು ಸಿಕ್ಕವನಿಗೆ ಪಾಸ್‌ವರ್ಡೂ ಬೇಡ, ಕೋಡೂ ಬೇಡ. ಗೊತ್ತಿಲ್ಲದೆ ಕೊಟ್ಟಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲ ಕಡೆಯಿಂದ ಲಾಗ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಬ್ರೌಸರ್ ಮುಚ್ಚಿದರೆ ಸಾಲದು, ನಾನು ಗಾಬರಿಯಲ್ಲಿ ಅಷ್ಟೇ ಮಾಡಿದ್ದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಚಾಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ. ನೀವೂ ಅಳಿಸಬೇಡಿ. ಎಫ್12 ಒತ್ತಿ ಅನ್ನುವವನು ಯಾರೇ ಆಗಲಿ, ನಿಮ್ಮೂರಿನವನೇ ಆಗಲಿ, ಅಲ್ಲಿಗೇ ಮಾತು ನಿಲ್ಲಿಸಿ.

ಅವನು ಇನ್ನೂ ಆ ಗ್ರೂಪಿನಲ್ಲಿದ್ದಾನೆ. ತಂಗಿಯ ಫೋನಿನಿಂದ ನೋಡಿದೆ. ನಿನ್ನೆ ರಾತ್ರಿ ಇನ್ಯಾರಿಗೋ 'ಅಣ್ಣಾ, ಮೈಸೂರಿನವರಾ?' ಅಂತ ಬರೆದಿದ್ದ.