ನಮ್ಮ ಅಂಗಳಕ್ಕೆ ಬಂದ 'ಮನೆ ಮನೆಗೆ ಪೊಲೀಸ್'

ನಮ್ಮದು ಶಿರಸಿಯಿಂದ ಹದಿನಾಲ್ಕು ಕಿಲೋಮೀಟರ್ ಒಳಗಿನ ಊರು. ತೋಟದ ತಲೆಯಲ್ಲಿ ಒಂದು ಮನೆ, ಬೆಟ್ಟ ದಾಟಿದರೆ ಇನ್ನೊಂದು. ಸುಮಾರು ಮನೆಗಳಲ್ಲಿ ಈಗ ವಯಸ್ಸಾದವರಷ್ಟೇ ಇದ್ದಾರೆ, ಮಕ್ಕಳೆಲ್ಲ ಬೆಂಗಳೂರು. 2025ರ ಜುಲೈನಲ್ಲಿ ಸರ್ಕಾರ, ಪೊಲೀಸರೇ ಮನೆಗೆ ಬಂದು ಜನರನ್ನು ಮಾತಾಡಿಸುವ 'ಮನೆ ಮನೆಗೆ ಪೊಲೀಸ್' ಯೋಜನೆ ಶುರು ಮಾಡಿದಾಗ ಇದೆಲ್ಲ ಪೇಟೆಯವರಿಗೆ ಅಂದುಕೊಂಡಿದ್ದೆ. ಡಿಸೆಂಬರಿನಲ್ಲಿ ಬೀಟ್ ಪೊಲೀಸರೊಬ್ಬರು ಬೈಕಿನಲ್ಲಿ ನಮ್ಮ ಅಂಗಳಕ್ಕೇ ಬಂದರು.

ಅತ್ತೆ ಹೆದರಿದರು. ಮನೆಗೆ ಪೊಲೀಸರು ಬಂದರೆ ಏನೋ ಆಗಿದೆ ಅಂತಲೇ ಅಲ್ವಾ ನಮ್ಮ ಕಡೆ. "ಏನೂ ಆಗಿಲ್ಲ ಅಮ್ಮ, ಸುಮ್ನೆ ಮಾತಾಡಿಸಿ ಹೋಗೋಣ ಅಂತ ಬಂದೆ" ಅಂದರು. ಅತ್ತೆ ನೀರು, ಬೆಲ್ಲ ತಂದಿಟ್ಟು "ಆಸರಿಗೆ (ಕುಡಿಯಲು) ಎಂತ ಮಾಡಲಪ್ಪ?" ಅಂತ ಕೇಳಿದ ಮೇಲೆ ಮಾತು ಸಲೀಸಾಯಿತು.

ಮುಕ್ಕಾಲು ಗಂಟೆ ಇದ್ದರು. ಮನೆಯಲ್ಲಿ ಎಷ್ಟು ಜನ, ಕೂಗಿದರೆ ಕೇಳುವ ಮನೆ ಯಾವುದು, ಅಡಿಕೆ ಎಲ್ಲಿ ಒಣಗಿಸುತ್ತೀರಿ, ಸುಲಿದ ಚಾಲಿ (ಒಣಗಿಸಿದ ಅಡಿಕೆ) ಎಲ್ಲಿಡುತ್ತೀರಿ, ಎಲ್ಲ ಕೇಳಿ ಬರೆದುಕೊಂಡರು. ಆಮೇಲೆ ಹಿತ್ತಿಲ ಬಾಗಿಲು ನೋಡಬಹುದಾ ಅಂದರು. ಚಿಲಕವನ್ನು ಒಂದೇ ಬೆರಳಲ್ಲಿ ಎಳೆದರು. ಸ್ಕ್ರೂ ಸಮೇತ ಕೈಗೆ ಬಂತು. ಒಳಗೆ ಮರವೆಲ್ಲ ಗೆದ್ದಲು ತಿಂದು ಪುಡಿ. ದಿನಾ ರಾತ್ರಿ ಆ ಚಿಲಕ ಹಾಕಿ ಮಲಗುತ್ತಿದ್ದವಳು ನಾನೇ. ಮರುದಿನವೇ ಬಡಗಿಯನ್ನು ಕರೆಸಿದೆವು.

ಅತ್ತೆಗೆ ಹಿಂದಿನ ತಿಂಗಳು ಯಾರೋ ವಿಡಿಯೊ ಕಾಲ್ ಮಾಡಿ 'ನಿಮ್ಮನ್ನು ಅರೆಸ್ಟ್ ಮಾಡಿದ್ದೇವೆ, ಫೋನ್ ಇಡಬೇಡಿ' ಅಂದಿದ್ದರು. ಅತ್ತೆ ಅದನ್ನು ನಮಗೂ ಹೇಳಿರಲಿಲ್ಲ. ಈ ಪೊಲೀಸರ ಹತ್ತಿರ ಹೇಳಿದರು. ಯಾವ ಪೊಲೀಸರೂ ಫೋನಿನಲ್ಲಿ ಅರೆಸ್ಟ್ ಮಾಡುವುದಿಲ್ಲ, ದುಡ್ಡು ಹೋದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ಅವರು ಎರಡೆರಡು ಸಲ ಹೇಳಿಕೊಟ್ಟರು. ಈ ಒಂದು ಮಾತಿಗೇ ನಾನು ಈ ಸೇವೆಗೆ ಋಣಿ. ಒಬ್ಬೊಬ್ಬರೇ ಇರುವ ಹಿರಿಯರು ಇಂಥದ್ದನ್ನು ಠಾಣೆ ಮೆಟ್ಟಿಲು ಹತ್ತಿ ಹೇಳುವುದಿಲ್ಲ. ಜಗಲಿಯಲ್ಲಿ ಕೂತು ಕೇಳಿದರೆ ಹೇಳುತ್ತಾರೆ.

ಇನ್ನು ಕೊರತೆ. ಈ ಯೋಜನೆಯಲ್ಲಿ 40-50 ಮನೆ ಸೇರಿಸಿ ಒಂದು ಗುಂಪು ಅಂತ ಲೆಕ್ಕ. ಪೇಟೆಯಲ್ಲಿ ಅದು ಎರಡು ಬೀದಿ. ನಮ್ಮಲ್ಲಿ ಅಷ್ಟು ಮನೆ ನೋಡಲು ಎರಡು ಹಳ್ಳ, ಒಂದು ಕಾಡು ದಾಟಬೇಕು. ಮಳೆಗಾಲದಲ್ಲಂತೂ ಬೈಕ್ ಬರುವುದೇ ಇಲ್ಲ. ಮಲೆನಾಡಿಗೆ ಲೆಕ್ಕವೇ ಬೇರೆ ಬೇಕು, ಜನವೂ ಜಾಸ್ತಿ ಬೇಕು.

ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಬರುತ್ತದೆ. ಬೀಟ್‌ನವರೆಲ್ಲ ಬಂದೋಬಸ್ತಿಗೆ. ನಾವೂ ಬೀಗ ಹಾಕಿ ಜಾತ್ರೆಗೆ. ಚಾಲಿ ಮಾತ್ರ ಜಗಲಿಯಲ್ಲಿ. ಈ ಸಲ ಮೇಲಿನ ಮನೆಯಿಂದ ಎರಡು ಚೀಲ ಚಾಲಿ ಹೋಯಿತು. ಅಲ್ಲಿರುವುದು ಅಜ್ಜ, ಅಜ್ಜಿ ಇಬ್ಬರೇ. ಬೀಟ್‌ನವರು ಕೊಟ್ಟಿದ್ದ ನಂಬರಿಗೆ ಅಜ್ಜ ರಾತ್ರಿ ಫೋನ್ ಮಾಡಿದರೆ, ಆ ಪುಣ್ಯಾತ್ಮನಿಗೆ ಆಗಲೇ ಬೇರೆ ಕಡೆ ವರ್ಗವಾಗಿತ್ತು. ತುರ್ತು ನಂಬರ್ 112ಕ್ಕೆ ಮಾಡಿದರು. ಆ ಕರೆ ಹೋಗುವುದು ಬೆಂಗಳೂರಿಗೆ. ಎತ್ತಿದ ಹುಡುಗಿ ಚೆನ್ನಾಗಿಯೇ ಮಾತಾಡಿದಳು, ಆದರೆ ಮನೆ ನಂಬರು, ರಸ್ತೆ ಹೆಸರು ಕೇಳಿದಳು. ಅಜ್ಜ "ಅರಳಿಮರದ ಹತ್ತಿರ ಎಡಕ್ಕೆ" ಅಂತಲೇ ಹೇಳುತ್ತಿದ್ದರು. ಗಾಡಿ ಬಂದಾಗ ಬೆಳಕು ಹರಿದಿತ್ತು.

ಆಮೇಲೆ ಬಂದ ಹೊಸಬರು ಒಳ್ಳೆಯವರೇ. ಆದರೆ ಎಲ್ಲವನ್ನೂ ಮೊದಲಿನಿಂದ ಕೇಳಿದರು. ಅಷ್ಟು ಕಾಳಜಿಯಿಂದ ಬರೆದುಕೊಂಡಿದ್ದು ಇವರ ಕೈಗೆ ಬಂದೇ ಇರಲಿಲ್ಲ.

ಈ ಸೇವೆಗೆ ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಬಂದ ಮನುಷ್ಯನಿಗೆ ಐದಕ್ಕೆ ಐದು. ಸರ್ಕಾರ ಇದಕ್ಕೆ ಇನ್ನಷ್ಟು ದುಡ್ಡು ಹಾಕಲಿ. ಬೀಟ್‌ಗೆ ಒಂದು ಖಾಯಂ ಸಿಮ್ ಕೊಡಲಿ, ಯಾರು ಬಂದರೂ ನಂಬರ್ ಅದೇ ಇರಲಿ. ಜಾತ್ರೆಯ ದಿನಗಳಲ್ಲಿ ಹಳ್ಳಿ ಕಡೆಗೆ ಇಬ್ಬರಾದರೂ ಹೋಮ್ ಗಾರ್ಡ್ ಇರಲಿ.

ಹೊಸಬರ ನಂಬರನ್ನು ನಾನು ದೊಡ್ಡ ಅಕ್ಷರದಲ್ಲಿ ಬರೆದು ಮೇಲಿನ ಮನೆಯ ಫೋನಿನ ಪಕ್ಕ ಅಂಟಿಸಿ ಬಂದಿದ್ದೇನೆ. ಅದರ ಕೆಳಗೆ ನಮ್ಮ ಮನೆಯ ನಂಬರನ್ನೂ ಬರೆದಿದ್ದೇನೆ.